ಗಿಡ್ಡ್ಯಾ ಉಂಡಾನೇನು?

ಮೊನ್ನೆ ನನ್ನ ಬಲ ದವಡೆಯ ಹಲ್ಲೊಂದನ್ನು ಕೀಳಿಸಿಕೊಂಡು ಬಂದೆ. ಈ ವಯಸ್ಸಿನಲ್ಲಿ ಇದೇನು ಊರಿಗೆಲ್ಲ ಹೇಳಿಕೊಳ್ಳುವ ಸುದ್ದಿಯಲ್ಲ. ಉಳಿದಿರುವುದೇ ಬೆರಳೆಣಿಕೆಯಷ್ಟು, ಅವೂ ಜಗಳವಾಡಿದ ವಾರಗಿತ್ತಿಯರ ಹಾಗೆ ದೂರ ದೂರ ನಿಂತಿವೆ. ಆದರೆ ಡಾಕ್ಟರ ಕುರ್ಚಿಯಲ್ಲಿ ನಾನು ಮಾಡಿದ ರಂಪ ನೋಡಿ ಆ ಚಿಕ್ಕ ಪ್ರಾಯದ ಡಾಕ್ಟರಮ್ಮ, "ಯಾಕ ಅಜ್ಜಿ, ಸಣ್ಣ ಹುಡುಗರಂಗ ಮಾಡ್ತೀರಿ?" ಎಂದು ನಕ್ಕಳು. ಬಾಯಿ ತೆರೆದೇ ಇದ್ದುದರಿಂದ ಅವಳಿಗೆ ತಕ್ಕ ಉತ್ತರ ಕೊಡಲಾಗಲಿಲ್ಲ. ಮನೆಗೆ ಬಂದ ಮೇಲೆ ಸೊಸೆ ನವಣೆ ಗಂಜಿ ಕಾಸಿ, ಆರಿಸಿ, ಹಾಲು ಬೆರೆಸಿ ತಂದಿಟ್ಟಳು. ಒಂದು ಗುಟುಕು ನಾಲಿಗೆಗೆ ತಾಗಿದ್ದೇ ತಡ, ಗಿಡ್ಡ್ಯಾ ನೆನಪಾದ. ನಗಬೇಡಿ. ಅವನೂ ಹಲ್ಲು ಕೀಳಿಸಿಕೊಂಡು ಬಂದು ಇದೇ ಗಂಜಿ ಕುಡಿದವನು. ಕುಡಿಸಿದವಳು ನಾನು.

ಗಿಡ್ಡ್ಯಾ ನಮ್ಮ ಮನೆಯ ನಾಯಿ. ಮರಿಯಾಗಿದ್ದಾಗ ಕುಳ್ಳಗಿತ್ತೆಂದು ಆ ಹೆಸರಿಟ್ಟೆವು. ಆಮೇಲೆ ಅದು ಕುರಿಗಾರರ ನಾಯಿಯ ಜಾತಿಯೆಂದು ತಿಳಿಯಿತು. ಒಂದೇ ವರ್ಷದಲ್ಲಿ ಉದ್ದನೆಯ ಕಾಲು, ಒಳಸರಿದ ಹೊಟ್ಟೆ, ಚೂಪು ಮೂತಿ ಎಲ್ಲ ಬಂದು ನನ್ನ ಎದೆಯತನಕ ಬೆಳೆಯಿತು. ಹೆಸರು ಮಾತ್ರ ಗಿಡ್ಡ್ಯಾ ಎಂದೇ ಉಳಿಯಿತು. ಹೊಸಬರು ಬಂದಾಗ ಅಪ್ಪ "ಗಿಡ್ಡ್ಯಾ, ಬಾರಲೇ" ಎಂದು ಕರೆಯುವರು, ಬಂದವರು ಕೆಳಗೆ ನೋಡುತ್ತ ನಿಂತಿರುವರು, ನಾಯಿ ಅವರ ಹೆಗಲ ಮೇಲೆ ಮುಂಗಾಲಿಡುವುದು.

ಆಗ ನಾವಿದ್ದದ್ದು ಮಸ್ಕಿಯಲ್ಲಿ. ನಿಜಾಮರ ಆಳಿಕೆಯ ಕಾಲ. ಅಪ್ಪ ಅಲ್ಲಿಯ ಶಾಲೆಯ ಮಾಸ್ತರು. ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸಿ, ಮಕ್ಕಳ ಮೇಲೆ ಸಿಟ್ಟು ಬಂದಾಗ ಮತ್ತೆ ಕನ್ನಡಕ್ಕೇ ಮರಳುತ್ತಿದ್ದರು. ನನಗೆ ಹತ್ತು ವರ್ಷ. ತಮ್ಮ ಇನ್ನೂ ಅವ್ವನ ಸೊಂಟದ ಮೇಲಿನ ಕೂಸು. ನಮ್ಮದು ಲಿಂಗ ಕಟ್ಟಿದ ಮನೆ. ಗೋಡೆಯಾಚೆ ಮಾಬುಬಿಯ ಮನೆ. ಎರಡು ಮನೆಗಳ ನಡುವೆ ಮಾತು ದಿನವಿಡೀ ಗೋಡೆ ದಾಟುತ್ತಿತ್ತು, ಪಾತ್ರೆ ಮಾತ್ರ ದಾಟುತ್ತಿರಲಿಲ್ಲ. ಗಿಡ್ಡ್ಯಾ ಎರಡೂ ಕಡೆ ಉಂಡು ಎರಡೂ ಕಡೆ ಬಾಲ ಅಲ್ಲಾಡಿಸುತ್ತಿದ್ದ. ಅವ್ವ ಅವನನ್ನು ಎಂದೂ ಮುಟ್ಟಿದವಳಲ್ಲ. ಅಂಗಳದ ತುದಿಯಲ್ಲಿ ನಿಂತು ರೊಟ್ಟಿ ಎಸೆಯುವಳು, ಅಷ್ಟೆ.

ಒಂದು ದಿನ ಹಳ್ಳದ ಕಡೆಯಿಂದ ಯಾವುದೋ ಗುರುತಿಲ್ಲದ ನಾಯಿ ಬಂದು ಗಿಡ್ಡ್ಯಾನ ಮೇಲೆ ಬಿತ್ತು. ಇಬ್ಬರೂ ಮಣ್ಣಲ್ಲಿ ಹೊರಳಾಡಿ ಕಚ್ಚಾಡಿದರು. ಆ ನಾಯಿ ಎತ್ತ ಹೋಯಿತೋ ಯಾರೂ ನೋಡಲಿಲ್ಲ. ಗಿಡ್ಡ್ಯಾನ ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧಕ್ಕೆ ಮುರಿದಿತ್ತು. ಎರಡು ವಾರದಲ್ಲಿ ದವಡೆ ಬಾತು ಆ ಬದಿಯ ಕಣ್ಣು ಮುಚ್ಚಿಕೊಂಡಿತು. ಅಪ್ಪನಿಗೆ ಪಗಾರ ತರಲು ಲಿಂಗಸುಗೂರಿಗೆ ಹೋಗುವುದಿತ್ತು. ಅಲ್ಲಿ ದನದ ದವಾಖಾನೆ ಇತ್ತು. ಹೋಗುವ ಬಂಡಿಯಲ್ಲಿ ಗಿಡ್ಡ್ಯಾನನ್ನೂ ನನ್ನನ್ನೂ ಹತ್ತಿಸಿಕೊಂಡರು. "ನಾಯಿ ಹಲ್ಲು ಕೀಳಿಸಾಕ ಮಾಸ್ತರ ಬಂಡಿ ಕಟ್ಯಾನ!" ಎಂದು ಓಣಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನೂ ನಕ್ಕರು.

ದವಾಖಾನೆಯಲ್ಲಿ ನಮ್ಮ ಮುಂದೆ ನಾಲ್ಕು ಎತ್ತು, ಒಂದು ಎಮ್ಮೆ. ಡಾಕ್ಟರ್ ಸಾಹೇಬರು ಹೈದರಾಬಾದಿನ ಕಡೆಯವರು, ಕಪ್ಪು ಶೇರವಾನಿ. ಗಿಡ್ಡ್ಯಾನ ಮೂಗಿಗೆ ಔಷಧದ ಅರಿವೆ ಹಿಡಿದು ಮಲಗಿಸಿ, ಬಾಯಿಗೆ ಕಟ್ಟಿಗೆಯ ತುಂಡು ಕೊಟ್ಟು, ಇಕ್ಕಳದಿಂದ ಆ ಹಲ್ಲನ್ನು ಎಳೆದರು. ಹಲ್ಲು ಹೊರಗೆ ಬಂದಾಗ ಅದರ ಬೇರು ನನ್ನ ಕಿರುಬೆರಳಿನಷ್ಟು ಉದ್ದ ಇತ್ತು. ನಾನು ಅಪ್ಪನ ಧೋತರದಲ್ಲಿ ಮುಖ ಮುಚ್ಚಿಕೊಂಡು ಒಂದೇ ಕಣ್ಣಿನಿಂದ ನೋಡಿದೆ.

ಸಾಹೇಬರು ನನ್ನನ್ನೇ ಕರೆದು ಹೇಳಿದರು: "ನೋಡು ಬೇಟಿ, ಎಂಟು ದಿನ ರೊಟ್ಟಿ ಇಲ್ಲ, ಎಲುಬು ಇಲ್ಲ. ಎಲ್ಲಾ ನರಮ್ ನರಮ್ ಕೊಡಬೇಕು. ಈ ಪುಡಿ ನೀರಾಗ ಹಾಕಿ ದಿನಾ ಮೂರು ಸಲ ಬಾಯಿ ತೊಳೀಬೇಕು. ಯಖನಿ ಕೊಟ್ಟರ ಭಾಳ ಚಲೋ."

ಯಖನಿ ಎಂದರೆ ಮಾಂಸ ಬೇಯಿಸಿದ ನೀರು ಎಂದು ಅಪ್ಪನಿಗೆ ಗೊತ್ತಿತ್ತು. ಅವರ ಕೈ ತಾನೇ ಕೊರಳ ಲಿಂಗದ ಮೇಲೆ ಹೋಯಿತು. "ಗಂಜಿ ನಡೀತೈತೇನ್ರಿ, ಸಾಹೇಬ್ರ?"

"ಗಂಜೀನೂ ನಡೀತೈತಿ ಮಾಸ್ತರ, ಉಂಡರ ಸಾಕು," ಎಂದು ಸಾಹೇಬರು ನಕ್ಕರು.

ಹಲ್ಲು ಕಿತ್ತದ್ದು ಸೋಮವಾರ. ಮಂಗಳವಾರ ಬೆಳಿಗ್ಗೆಯೇ ಅಪ್ಪ ಇಮ್ತಿಹಾನ್, ಅಂದರೆ ಪರೀಕ್ಷೆಯ ಕೆಲಸಕ್ಕೆಂದು ಸಿಂಧನೂರಿಗೆ ಹೊರಟರು. "ಶಾಂತಾ, ನಾ ಬರೂತನ ಗಿಡ್ಡ್ಯಾ ನಿನ್ನ ಜಿಮ್ಮಾ," ಎಂದು ಹೇಳಿ ಹೋದರು. ನಾನು ಜಂಬದಿಂದ ಬೀಗಿದೆ. ಓಣಿಯ ಯಾವ ಹುಡುಗಿಗೂ ಇಷ್ಟು ದೊಡ್ಡ ಜಿಮ್ಮಾ, ಇಷ್ಟು ದೊಡ್ಡ ಹೊಣೆ, ಸಿಕ್ಕಿರಲಿಲ್ಲ.

ಗಾಯದ ಬಾಯಿಯ ನಾಯಿಗೆ ಉಣಿಸುವುದು ಸುಲಭವೆಂದು ತಿಳಿಯಬೇಡಿ. ಬಟ್ಟಲಿಟ್ಟರೆ ಅದರ ಅಂಚು ಗಾಯಕ್ಕೆ ತಾಗಿ ಕುಂಯ್ಯೆಂದು ಹಿಂದೆ ಸರಿಯುತ್ತಿದ್ದ. ತಣ್ಣೀರು ಮುಂದಿಟ್ಟರೆ ಒಂದು ಸಲ ನಾಲಿಗೆ ಅದ್ದಿ, ಗಾಯ ಜುಮ್ಮೆಂದು, ಮುಖ ತಿರುಗಿಸುತ್ತಿದ್ದ. ಕೊನೆಗೆ ಉಗುರುಬೆಚ್ಚಗಿನ ತೆಳು ಗಂಜಿಯನ್ನು ನನ್ನ ಅಂಗೈಯಲ್ಲಿ ಹಾಕಿಕೊಂಡು, ಅವನ ಎಡಬದಿಗೆ ಕುಳಿತು, ಮೂತಿಯ ಕೆಳಗೆ ಹಿಡಿದರೆ ನೆಕ್ಕುತ್ತಾನೆಂದು ಕಂಡುಕೊಂಡೆ. ಒಂದು ಬಟ್ಟಲು ಮುಗಿಯಬೇಕಾದರೆ ನೆರಳು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಗುತ್ತಿತ್ತು.

ಬುಧವಾರ ಬಾಯಿ ತೊಳೆಯುವಾಗ ನನ್ನ ಬೆರಳು ಜಾರಿ ನೆಟ್ಟಗೆ ಆ ಗಾಯದ ಕುಳಿಗೇ ಹೋಯಿತು. ಗಿಡ್ಡ್ಯಾ ಗಪ್ಪನೆ ಬಾಯಿ ಮುಚ್ಚಿದ. ಮರುಗಳಿಗೆಯೇ ಬಿಟ್ಟು, ತಪ್ಪಾಯಿತೆನ್ನುವಂತೆ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ. ನನ್ನ ನಡುಬೆರಳಿನಿಂದ ರಕ್ತ ಬಂತು. ತೊಳೆದುಕೊಂಡು ಅರಿವೆಯ ಚೂರು ಸುತ್ತಿದೆ. ಅವ್ವ ಕೇಳಿದಳು. ಈಳಿಗೆ ತಾಗಿತೆಂದೆ. ನಿಜ ಹೇಳಿದರೆ ಜಿಮ್ಮಾ ಹೋಗುತ್ತದಲ್ಲ!

ಈಗ ಆ ಪುಡಿಯ ವಿಷಯ. ಅದನ್ನು ನೀರಿಗೆ ಹಾಕಿದರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಬಾಯಿ ತೊಳೆದ ಮೇಲೆ ಗಿಡ್ಡ್ಯಾನ ಜೊಲ್ಲು ಕೆಂಪು ಕೆಂಪಾಗಿ, ನೊರೆ ನೊರೆಯಾಗಿ, ಎಳೆ ಎಳೆಯಾಗಿ ಇಳಿಯುತ್ತಿತ್ತು. ಅಂಥ ಬಾಯಿ ಇಟ್ಟುಕೊಂಡು ಅವನು ಬಾಗಿಲಲ್ಲಿ ಕುಳಿತರೆ ಊರು ಸುಮ್ಮನಿರುತ್ತದೆಯೇ? ಗುರುವಾರ ಊರ ವಾಲೀಕಾರ ಹನುಮಂತ ಆ ಕಡೆ ಹಾದವನು ಥಟ್ಟನೆ ನಿಂತ. ಊರ ಕಾವಲು ಅವನದು, ಕೈಯಲ್ಲಿ ಯಾವಾಗಲೂ ಬಡಿಗೆ.

"ಅವ್ವಾರ, ನಿಮ್ಮ ನಾಯಿ ಬಾಯಾಗ ನೊರಿ ಬರಾಕತ್ತೈತಲ್ರಿ! ಮೊನ್ನಿ ಪರಊರ ನಾಯಿ ಕಡಿದಿತ್ತು, ಹೌದಿಲ್ಲೋ? ಹುಚ್ಚು ಹಿಡಿದೈತಿ ಇದಕ್ಕ."

"ಔಷಧದ ಬಣ್ಣ ಅಂತಪ್ಪಾ ಅದು," ಎಂದಳು ಅವ್ವ. ಆದರೆ ಅವಳ ದನಿಯಲ್ಲಿ ಜೀವ ಇರಲಿಲ್ಲ.

ಹುಚ್ಚುನಾಯಿ ಕಡಿದವರ ಕತೆಗಳನ್ನು ನಾವು ಹುಡುಗಿಯರು ಗಜ್ಜುಗ ಆಡುತ್ತ ಆಡುತ್ತ ಒಬ್ಬರಿಗೊಬ್ಬರು ಹೇಳಿ ಹೆದರಿಸಿಕೊಂಡವರೇ. ಕಡಿಸಿಕೊಂಡವರು ನೀರಿನಲ್ಲಿ ನೋಡಿದರೆ ತಮ್ಮ ಮುಖದ ಬದಲು ನಾಯಿಯ ಮುಖ ಕಾಣುತ್ತದಂತೆ. ಮಾತಾಡಲು ಹೋದರೆ ಬೊಗಳು ಬರುತ್ತದಂತೆ. ಕಡೆಗೆ ಹೆತ್ತ ತಾಯಿಯನ್ನೇ ಕಡಿಯುತ್ತಾರಂತೆ. ಬಚ್ಚಲಿಗೆ ಓಡಿ ಹಂಡೆಯಲ್ಲಿ ಬಗ್ಗಿ ನೋಡಿದೆ. ನನ್ನ ಮುಖ ಮೊದಲೇ ಸ್ವಲ್ಪ ಉದ್ದ. ನೀರು ಅಲುಗಿದಾಗ ಅದು ಇನ್ನೂ ಉದ್ದವಾಯಿತು. ನಾನು ಚೀರಲಿಲ್ಲ. ಚೀರಿದರೆ ಏನು ಹೊರಬರುತ್ತದೋ ಎಂದು ಬಾಯಿಗೆ ಪರಕಾರದ ಅಂಚು ತುರುಕಿಕೊಂಡೆ.

ಅಂದಿನಿಂದ ನೀರಿನ ಪರೀಕ್ಷೆಯೇ ನನ್ನ ಕೆಲಸವಾಯಿತು. ನೀರಿಗೆ ಅಂಜುತ್ತೇನೋ ಇಲ್ಲವೋ ಎಂದು ಗಳಿಗೆಗೊಮ್ಮೆ ಚೊಂಬು ಎತ್ತಿ ಕುಡಿದೆ. ಕುಡಿದು ಕುಡಿದು ಹೊಟ್ಟೆ ಉಬ್ಬಿ, ಮತ್ತೆ ಚೊಂಬು ಕಂಡರೆ ನಿಜವಾಗಿಯೂ ಗಂಟಲು ಬಿಗಿಯತೊಡಗಿತು. ಆಗ ಇನ್ನೇನು, ಹುಚ್ಚು ಹತ್ತಿಯೇ ಬಿಟ್ಟಿತೆಂದು ತಿಳಿದೆ. ಮಾತನ್ನೂ ಬಿಟ್ಟೆ. "ಯಾಕಲೇ, ಬಾಯಿಗೇನು ಬೀಗ ಹಾಕಿಯೇನು?" ಎಂದು ಅವ್ವ ಗದರಿದರೆ ತಲೆ ಅಲ್ಲಾಡಿಸಿದೆ. ಈಗ ಹೇಳುವಾಗ ನನಗೇ ನಗು ಬರುತ್ತದೆ. ಆಗ ನನ್ನ ಜೀವ ಹೋಗುತ್ತಿತ್ತು. ಹೇಳಿದರೆ ಗಿಡ್ಡ್ಯಾನನ್ನು ಬಡಿದು ಕೊಲ್ಲುತ್ತಾರೆ. ಹೇಳದಿದ್ದರೆ ನಾನು ಬೊಗಳುತ್ತ ಸಾಯುತ್ತೇನೆ, ಸಾಯುವ ಮೊದಲು ತಮ್ಮನನ್ನು ಕಡಿಯುತ್ತೇನೆ. ತಮ್ಮ ಅಂಬೆಗಾಲಿಡುತ್ತ ನನ್ನ ಕಡೆ ಬಂದರೆ ನಾನು ಎದ್ದು ಓಡುತ್ತಿದ್ದೆ.

ಶುಕ್ರವಾರ ಊಟದ ಹೊತ್ತಿಗೆ ಹನುಮಂತ ಬಂದ, ಹಿಂದೆ ನಾಲ್ಕು ಜನ, ಎಲ್ಲರ ಕೈಯಲ್ಲೂ ಬಡಿಗೆ. ಅವ್ವ ಕೂಸನ್ನು ಎತ್ತಿಕೊಂಡು ಹೊಸ್ತಿಲಲ್ಲಿ ನಿಂತಳು. ಹನುಮಂತ ಕೆಟ್ಟವನಲ್ಲ; ನ್ಯಾಯವಾಗಿ ಪರೀಕ್ಷೆ ಮಾಡುತ್ತೇನೆಂದ. ಮಡಕೆಯಲ್ಲಿ ಬಾವಿಯ ನೀರು ತಂದು ಬಡಿಗೆಯಿಂದ ಗಿಡ್ಡ್ಯಾನ ಮುಂದೆ ಸರಿಸಿದ. ಗಿಡ್ಡ್ಯಾ ಮೂಸಿದ, ಮುಖ ತಿರುಗಿಸಿದ.

"ನೋಡ್ರಿ, ನೀರು ಒಲ್ಲೆ ಅಂತೈತಿ! ಇನ್ನೇನು ಬೇಕು?"

ಅವ್ವ ಕಣ್ಣು ಮುಚ್ಚಿಕೊಂಡು, "ಮನ್ಯಾಗ ಸಣ್ಣ ಕೂಸೈತಪ್ಪಾ. ಏನ್ ಮಾಡ್ತೀರೋ ಮಾಡ್ರಿ," ಎಂದಳು.

ಬಡಿಗೆ ಮೇಲೆ ಹೋಯಿತು. ನಾನು ಗುರುವಾರದಿಂದ ಹಿಡಿದಿದ್ದ ಮೌನ ಬಿಟ್ಟು, "ತಡೀರಿ! ಅದು ತಣ್ಣೀರು ಕುಡಿಯಂಗಿಲ್ಲ, ನನ್ನ ಕೈಯಾಗಿಂದ ಕುಡೀತೈತಿ!" ಎಂದು ಕೂಗಿದೆ. ಬೊಗಳು ಬರಲಿಲ್ಲ, ಮಾತೇ ಬಂತು. ಓಡಿಹೋಗಿ ಬೆಚ್ಚನೆಯ ಗಂಜಿಯ ನೀರು ತಂದು ಅಂಗೈಯಲ್ಲಿ ಸುರಿದುಕೊಂಡು ಎಡಬದಿಗೆ ಕುಳಿತೆ. ಗಿಡ್ಡ್ಯಾ ನನ್ನ ಮುಖ ನೋಡಿದ, ಬಡಿಗೆಗಳ ಕಡೆ ನೋಡಿದ, ಆಮೇಲೆ ನಾಲಿಗೆ ಚಾಚಿ ಲೊಚ ಲೊಚನೆ ಕುಡಿದ. ಒಂದು ಬೊಗಸೆ. ಇನ್ನೊಂದು. ಜನ ಬಡಿಗೆ ಇಳಿಸಿದರು. ನನಗೆ ಹಿರಿಹಿರಿ ಹಿಗ್ಗು. ಆ ಹಿಗ್ಗಿನಲ್ಲಿ ಒದ್ದೆಯಾದ ಅರಿವೆಯ ಚೂರು ಬೆರಳಿಂದ ಜಾರಿ ಬಿದ್ದದ್ದೇ ತಿಳಿಯಲಿಲ್ಲ.

"ಇದೇನವ್ವಾ ಬೆರಳಿಗೆ?" ಎಂದ ಹನುಮಂತ.

ಹಲ್ಲಿನ ಗುರುತು ಎಲ್ಲರಿಗೂ ಕಾಣುವ ಹಾಗಿತ್ತು. ಆ ನಾಲ್ಕು ಜನ ಒಂದೊಂದು ಹೆಜ್ಜೆ ಹಿಂದೆ ಸರಿದರು, ನಾಯಿಯಿಂದಲ್ಲ, ನನ್ನಿಂದ. ನಾನು ಅವ್ವನ ಕಡೆ ನೋಡಿದೆ. ಅವ್ವ ಕೂಸನ್ನು ಈ ಸೊಂಟದಿಂದ ತೆಗೆದು ನನಗೆ ಮರೆಯಾದ ಆ ಸೊಂಟಕ್ಕೆ ಇಟ್ಟುಕೊಂಡಳು.

"ಹಂಗಾದರ ನಾಯೀನ್ನ ಈಗs ಮುಗಿಸಿಬಿಡೂಣು," ಎಂದ ಒಬ್ಬ.

ಮಾಬುಬಿ ಗೋಡೆಯ ಮೇಲಿಂದ ತಲೆ ಎತ್ತಿ ಚೀರಿದಳು: "ಅಲ್ಲಾ, ಬುದ್ಧಿ ಐತೇನು ನಿಮಗ? ಮಾಸ್ತರ ಬರೂತನ ಅದನ್ನ ಮುಟ್ಟಬ್ಯಾಡ್ರಿ. ದವಾಖಾನಿ ಸಾಹೇಬ್ರನ್ನ ಕೇಳ್ರಿ ಮೊದಲು!"

ಸಿಂಧನೂರಿಗೆ ಹೋಗುವ ಮೋಟಾರಿನವನ ಕೈಯಲ್ಲಿ ಅಪ್ಪನಿಗೆ ಸುದ್ದಿ ಹೋಯಿತು. ನನ್ನನ್ನು ಅಂಗಳದ ಪಕ್ಕದ ಸಣ್ಣ ಕೋಣೆಯಲ್ಲಿ ಇಟ್ಟು ಹೊರಗಿನಿಂದ ಚಿಲಕ ಹಾಕಿದರು. ಶನಿವಾರ ಅಪ್ಪ ಬಂದರು. ನನ್ನ ಬೆರಳು ಹಿಡಿದು ನೋಡಿದರು, ನೀರೂ ಕುಡಿಯದೆ ಅದೇ ಮೋಟಾರಿನಲ್ಲಿ ಲಿಂಗಸುಗೂರಿಗೆ ಹೋದರು. ರವಿವಾರ ಮರಳಿ ಬಂದವರು ಅಂಗಳದಲ್ಲಿ ನಿಂತೇ ಹೇಳಿದರು. ಕಿಟಕಿಯ ಸರಳು ಹಿಡಿದು ನಾನು ಕೇಳಿದೆ.

"ನಾಯೀನ ಕೊಲ್ಲಬಾರದಂತ. ಕಡಿದ ದಿನದಿಂದ ಹತ್ತು ದಿನ ಅದು ಬದುಕಿದ್ರ ಅದಕ್ಕ ಹುಚ್ಚಿಲ್ಲ, ಹುಡುಗಿಗೂ ಏನೂ ಆಗಂಗಿಲ್ಲ. ಅಷ್ಟರಾಗ ಅದು ಸತ್ತರ ಹೈದರಾಬಾದಿಗೆ ಒಯ್ದು ಹೊಟ್ಟಿಗೆ ಸೂಜಿ ಚುಚ್ಚಿಸಬೇಕು. ಅದಕ್ಕೂ ಹೊತ್ತು ಮೀರಿದ್ರ..."

ನಾಲ್ಕು ದಿನ ಆಗಲೇ ಕಳೆದಿದ್ದವು. ಉಳಿದವು ಆರು. ಆದರೆ ಗಿಡ್ಡ್ಯಾ ಶುಕ್ರವಾರದ ಆ ಎರಡು ಬೊಗಸೆಯ ಮೇಲೆ ಏನನ್ನೂ ಮುಟ್ಟಿರಲಿಲ್ಲ. ಉಣಿಸುವವಳೇ ಚಿಲಕದ ಒಳಗೆ! ಪಕ್ಕೆಲುಬು ಎದ್ದು, ತಲೆ ನೆಲಕ್ಕೆ ಹಾಕಿ ಮಲಗಿದ್ದ. ಹುಚ್ಚಿನಿಂದ ಸಾಯದಿದ್ದರೂ ಹಸಿವಿನಿಂದ ಸತ್ತಾನು, ಸತ್ತರೆ ಯಾವುದರಿಂದ ಸತ್ತನೆಂದು ಯಾರು ಹೇಳಬೇಕು? ಕೊಲ್ಲಲು ಬಂದ ಓಣಿಯೇ ಈಗ ಅವನ ಜೀವಕ್ಕೆ ಟೊಂಕ ಕಟ್ಟಿತು. ಹನುಮಂತ ತನ್ನ ಎಮ್ಮೆಯ ಹಾಲು ಕರೆದುಕೊಂಡು ಬಂದ. ಯಾರೋ ಬೆಣ್ಣೆ ತಂದರು, ಯಾರೋ ಮಾಲದಿ ಉಂಡೆ ಮುರಿದು ಹಾಲಲ್ಲಿ ಕಲಸಿ ತಂದರು. ನೀರಿಗೆ ಹೋಗುವವರು, ಹೊಲಕ್ಕೆ ಹೋಗುವವರು, ಎಲ್ಲರೂ ಬಾಗಿಲಲ್ಲಿ ನಿಂತು ಕೇಳುವುದು ಒಂದೇ ಮಾತು: "ಗಿಡ್ಡ್ಯಾ ಉಂಡಾನೇನು?" ಶಾಂತಾ ಉಂಡಳೇನು ಎಂದು ಒಬ್ಬರಾದರೂ ಕೇಳಲಿಲ್ಲ. ನನಗೆ ಸಿಟ್ಟು ಬಂದಿತ್ತು ಎಂದು ಬೇರೆ ಹೇಳಬೇಕೆ!

ಗಿಡ್ಡ್ಯಾ ಯಾರ ಕೈಯಿಂದಲೂ ಉಣ್ಣಲಿಲ್ಲ. ನನ್ನನ್ನು ಬಿಡಿರೆಂದು ಅತ್ತೆ. ಗಾಯ ಇನ್ನೊಮ್ಮೆ ಆದರೆ ಲೆಕ್ಕ ಮೊದಲಿಂದ ಶುರುವಾಗುತ್ತದೆಂದು ಅಪ್ಪ ಬಿಡಲಿಲ್ಲ. ಕೊನೆಗೆ ಅವ್ವ ಕೂಸನ್ನು ಅಪ್ಪನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, ಗಂಜಿಯ ಬಟ್ಟಲು ಹಿಡಿದು ಅಂಗಳಕ್ಕೆ ಇಳಿದಳು. ನಾಯಿಯನ್ನು ಮುಟ್ಟದವಳು ಅದರ ಮುಂದೆ ಮಣ್ಣಿನಲ್ಲಿ ಕುಳಿತಳು.

"ಅವ್ವಾ, ಬಟ್ಟಲ ಬ್ಯಾಡ, ಅಂಗೈಯಾಗ ಹಾಕ್ಕೋ," ಎಂದು ಕಿಟಕಿಯಿಂದ ಹೇಳಿದೆ. "ಆ ಕಡೆ ಅಲ್ಲ, ಎಡಕ್ಕ ಬಾ. ಕೈ ಮ್ಯಾಲ ಎತ್ತಬ್ಯಾಡ, ಅಂಜತೈತಿ."

ಹೇಳಿದಂತೆಲ್ಲ ಮಾಡಿದಳು. ನನ್ನ ಮಾತನ್ನು ಅವ್ವ ಹಾಗೆ ಕೇಳಿದ್ದು ಅದೇ ಮೊದಲು. "ಉಣ್ಣೋ ನಮ್ಮಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ. ಒಂದು ಗುಟುಕು," ಎನ್ನುತ್ತಿದ್ದಳು. ಗಂಜಿ ಅವಳ ಬೆರಳ ಸಂದಿಯಿಂದ ಸೋರಿಹೋಯಿತು. ಗಿಡ್ಡ್ಯಾ ಕಣ್ಣು ತೆರೆಯಲಿಲ್ಲ. ಅವ್ವ ಎದ್ದು, ಯಾರ ಮುಖವನ್ನೂ ನೋಡದೆ, ಮಾಬುಬಿಯ ಬಾಗಿಲಿಗೆ ಹೋದಳು.

"ಮಾಬುಬಿ, ಆ ಸಾಹೇಬ್ರು ಹೇಳಿದ್ರಲ್ಲ, ಯಖನಿ... ಮಾಡಿ ಕೊಡ್ತೀಯೇನು?"

"ಅದಕ್ಯಾಕ ಅಷ್ಟು ಸಣ್ಣ ಮಾರಿ ಮಾಡ್ತೀಯವ್ವಾ? ಒಲಿ ಮ್ಯಾಲs ಐತಿ. ನೀ ಕೇಳ್ತಿಯೋ ಇಲ್ಲೋ ಅಂತ ಕಾಯಾಕತ್ತಿದ್ದೆ," ಎಂದಳು ಮಾಬುಬಿ. ತಾನೇ ತಂದು ಹಾಕುತ್ತೇನೆಂದಳು. ಅವ್ವ ಬೇಡವೆಂದು ತಾನೇ ಇಸಿದುಕೊಂಡಳು. ಮೊದಲ ಸಲ ಆ ಮನೆಯ ಪಾತ್ರೆ ಗೋಡೆ ದಾಟಿತು. ಲಿಂಗವನ್ನು ಸೆರಗಿನೊಳಗೆ ಮುಚ್ಚಿಕೊಂಡು, ಆ ಮಾಂಸದ ನೀರನ್ನು ಅಂಗೈಗೆ ಸುರಿದುಕೊಂಡು, ಮುಖ ಪಕ್ಕಕ್ಕೆ ತಿರುಗಿಸಿ ಹಿಡಿದಳು. ಗಿಡ್ಡ್ಯಾನ ಮೂಗು ಅಲುಗಿತು. ನಾಲಿಗೆ ಹೊರಬಂತು. ಅವ್ವನ ಕೈಯನ್ನು ಮಣಿಕಟ್ಟಿನತನಕ ನೆಕ್ಕಿದ.

"ಉಂಡ! ರೀ, ಉಂಡ! ಶಾಂತಾ, ಉಂಡ ನೋಡs!" ಎಂದು ಅವ್ವ ಅಳುತ್ತ ನಗುತ್ತ ನನ್ನ ಕಿಟಕಿಯ ಕಡೆ ಓಡಿ ಬಂದಳು. ನಾನು ಸರಳುಗಳ ಆಚೆ ಎರಡೂ ಕೈ ಚಾಚಿದೆ. ಎರಡು ಮಾರು ದೂರದಲ್ಲಿ ಅವಳ ಕಾಲು ನಿಂತುಬಿಟ್ಟಿತು.

ಹುಚ್ಚು ಇದ್ದರೂ ಇರಬಹುದಾದ ನಾಯಿಯ ಬಾಯಿಗೆ ಕೈ ಕೊಟ್ಟವಳು ನನ್ನ ಕೈ ಹಿಡಿಯಲಿಲ್ಲ. ಅವಳ ತಪ್ಪಲ್ಲ, ಮನೆಯಲ್ಲಿ ಮೊಲೆ ಕುಡಿಯುವ ಕೂಸಿತ್ತು. ಇದನ್ನು ನಾನು ಆಮೇಲೆ ನೂರು ಸಲ ನನಗೇ ಹೇಳಿಕೊಂಡಿದ್ದೇನೆ. ಆದರೆ ಹತ್ತು ವರ್ಷದ ಹುಡುಗಿಗೆ ಆಗ ತಿಳಿದದ್ದು ಇಷ್ಟೆ: ಅವ್ವ ನನಗೆ ಹೆದರುತ್ತಾಳೆ. ಹುಚ್ಚು, ಸೂಜಿ, ಸಾವು ಯಾವುದೂ ಅಷ್ಟು ಭಯ ಹುಟ್ಟಿಸಿರಲಿಲ್ಲ. ನನ್ನೊಳಗೆ ನನಗೇ ಕಾಣದ ಏನೋ ಕುಳಿತಿದೆ, ಅದು ಅವ್ವನಿಗೆ ಕಾಣುತ್ತಿದೆ ಎಂದುಕೊಂಡೆ. ಗಂಗಾಳವನ್ನು ಅವಳು ಬಾಗಿಲ ಸಂದಿಯಿಂದ ಸರಿಸುತ್ತಿದ್ದಳು. ನಾನು ಅದರಲ್ಲಿದ್ದುದನ್ನು ನೆಲಕ್ಕೆ ಕುಳಿತು ತಿನ್ನುತ್ತ, ಅಂಗಳದಲ್ಲಿ ಅವ್ವ ನಾಯಿಗೆ ಬೊಗಸೆ ಬೊಗಸೆ ಉಣಿಸುವುದನ್ನು ನೋಡುತ್ತಿದ್ದೆ.

ಒಮ್ಮೆ ರುಚಿ ಹತ್ತಿದ ಮೇಲೆ ಗಿಡ್ಡ್ಯಾ ಓಣಿಯವರು ತಂದದ್ದನ್ನೆಲ್ಲ ತಿನ್ನತೊಡಗಿದ. ಎಂಟನೆಯ ದಿನ ಉಂಡದ್ದನ್ನೆಲ್ಲ ಕಾರಿಕೊಂಡ. ಅಪ್ಪ ಹೈದರಾಬಾದಿಗೆಂದು ಚೀಲ ತುಂಬತೊಡಗಿದರು. ಮಾಬುಬಿ ಬಂದು ನೋಡಿ, "ಆರು ಮಂದಿ ಆರು ನಮೂನಿ ತಿನ್ನಿಸಿದ್ರ ಆನಿಗೂ ಹಂಗs ಆಗ್ತೈತಿ," ಎಂದು ಎಲ್ಲರ ಬಟ್ಟಲನ್ನೂ ಆಚೆ ಇಡಿಸಿದಳು. ಆ ದಿನ ಹೇಗೆ ಕಳೆಯಿತೋ ನನಗೆ ನೆನಪಿಲ್ಲ. ಒಂಬತ್ತನೆಯ ದಿನ ಅವನು ಎದ್ದು ನಿಂತ. ಹತ್ತನೆಯ ದಿನ, ಶನಿವಾರ, ಹನುಮಂತನನ್ನು ಕಂಡು ಬೊಗಳಿದ. ಹನುಮಂತ ಬಡಿಗೆ ಬಿಸಾಕಿ ಕೈ ಮುಗಿದ. ರವಿವಾರ ಬೆಳಗಾಗುವುದರೊಳಗೆ ಅಪ್ಪನ ಒಂದು ಕೆರವನ್ನು ಹಲ್ಲಿದ್ದ ಬದಿಯಿಂದಲೇ ಜಗಿದು ಮುಗಿಸಿದ್ದ. ಆ ಹರಕು ಕೆರವನ್ನು ಅಪ್ಪ ಎಲ್ಲರಿಗೂ ಎತ್ತಿ ಎತ್ತಿ ತೋರಿಸಿದರು.

ಚಿಲಕ ತೆಗೆದವಳು ಅವ್ವ. ನನಗೆ ತಲೆಗೆ ನೀರು ಹಾಕಿದಳು, ಜಡೆ ಹಾಕಿದಳು. ಆಮೇಲೆ ಬಿಸಿ ರೊಟ್ಟಿ ಮುರಿದು ಹಾಲು ತುಪ್ಪದಲ್ಲಿ ಕಲಸಿ, ನನ್ನನ್ನು ಎದುರಿಗೆ ಕೂರಿಸಿಕೊಂಡಳು. ತುತ್ತು ಎತ್ತಿದಳು. ನಾನು ಬಾಯಿ ತೆರೆಯಲಿಲ್ಲ.

"ಅವ್ವಾ, ನೀ ನನಗ ಅಂಜಿದ್ದೇನು?"

ಬೇರೆ ತಾಯಂದಿರಾದರೆ ಇಲ್ಲವೆನ್ನುತ್ತಿದ್ದರು. "ಹೂಂ, ನನ್ನವ್ವ. ಅಂಜಿದ್ದೆ," ಎಂದಳು. ಕಣ್ಣೀರು ಗಂಗಾಳದಲ್ಲಿ ಬಿತ್ತು, ಒರೆಸಿಕೊಳ್ಳಲಿಲ್ಲ. "ಈಗೂ ಅಂಜಿಕಿ ಹೋಗಿಲ್ಲ. ಬಾಯಿ ತೆಗಿ."

ತೆರೆದೆ. ಅವ್ವ ತುತ್ತನ್ನು ತುಟಿಯ ಬಳಿ ಬಿಟ್ಟು ಕೈ ಹಿಂದೆಳೆಯಲಿಲ್ಲ. ಐದೂ ಬೆರಳು ಒಳಗಿಟ್ಟಳು, ನನ್ನ ಹಲ್ಲುಗಳ ನಡುವೆ, ನಾನು ನುಂಗಿ ಮುಗಿಸುವತನಕ.